ಹಿಂದಿನ ಸೀಟಿನಲ್ಲಿ ಐವತ್ತು ಕಿಲೋ ಅಕ್ಕಿ

ಗಿಣಿಗೇರಾ ದಾಟಿದ ಮೇಲೆ

ಕುಂಬಳೆಯಿಂದ ಕೊಪ್ಪಳಕ್ಕೆ ಹೋಗಲು ಪಾಸ್‌ಪೋರ್ಟ್ ಬೇಡ. ಆದರೂ ನಾವು ಹೋಗಿ ಬಂದದ್ದು ಪರದೇಶಕ್ಕೇ ಎಂದು ನಾನು ಹೇಳಿದರೆ ಊರಿನವರು ನಗಬಾರದು. ನಮ್ಮ ಬೈಕಿಗೆ ಕೇರಳದ ನಂಬರು. ಕಾಸರಗೋಡು ಜಿಲ್ಲೆಯ ಕನ್ನಡ ಶಾಲೆಯಲ್ಲಿ ಮೂವತ್ತೊಂದು ವರ್ಷ ಗಣಿತ ಕಲಿಸಿ ನಿವೃತ್ತನಾದ ನನ್ನ ಜೊತೆ, ಹೊಸಪೇಟೆಯಿಂದ ಆಚೆಗೆ ಸಿಕ್ಕವರೆಲ್ಲ ಹಿಂದಿಯಲ್ಲೇ ಮಾತಿಗಿಳಿದರು. ನಾನು ಕನ್ನಡದಲ್ಲಿ ಉತ್ತರ ಕೊಟ್ಟರೆ ಬೆನ್ನು ತಟ್ಟುವ ದನಿಯಲ್ಲಿ, "ನಿಮ್ಮ ಕನ್ನಡ ಭಾಳ ಛಲೋ ಐತ್ರಿ ಸರ. ಎಲ್ಲಿ ಕಲ್ತ್ರಿ?" ಎನ್ನುತ್ತಿದ್ದರು. ಮೊದಲ ಎರಡು ಸಲ ರಾಜ್ಯಗಳು ಹಂಚಿಹೋದ ಇತಿಹಾಸವನ್ನೆಲ್ಲ ವಿವರಿಸಿದೆ. ಮೂರನೆಯ ಸಲದಿಂದ "ಮನೆಯಲ್ಲೇ" ಎಂದು ಹೇಳಿ ಮುಗಿಸಿದೆ.

ಈ ಪ್ರವಾಸ ನನ್ನ ಹೆಂಡತಿ ಶಾರದೆಯ ಆಸೆಯಿಂದ ಹುಟ್ಟಿದ್ದು. ಅವಳು ಹುಟ್ಟಿದ್ದು ಏರುತಗ್ಗಿನ ಊರಿನಲ್ಲಿ, ಮದುವೆಯಾಗಿ ಬಂದದ್ದೂ ಅಂಥದೇ ಊರಿಗೆ. ಕಣ್ಣಿಗೆ ಅಡ್ಡವಾಗಿ ಒಂದು ಗುಡ್ಡವೂ ಇಲ್ಲದ ಭೂಮಿ ಹೇಗಿರುತ್ತದೆ ಎಂದು ಒಮ್ಮೆ ನೋಡಬೇಕು ಎನ್ನುತ್ತಿದ್ದಳು. ಯಲಬುರ್ಗಾದ ಕಡೆ ಕಪ್ಪುಮಣ್ಣಿನ ಎರೆಹೊಲಗಳು ಹಾಗೇ ಚಾಚಿಕೊಂಡಿವೆ, ಜನವರಿಯಲ್ಲಿ ಹೋದರೆ ಜೋಳ ನಿಂತಿರುತ್ತದೆ ಎಂದು ಯಾರೋ ಹೇಳಿದ್ದರು. ರೈಲಿನಲ್ಲಿ ಹೋಗೋಣ ಎಂದಳು ಅವಳು. ಬೈಕಿನಲ್ಲಿ ಎಂದು ಹಟ ಹಿಡಿದವನು ನಾನು.

ಹಟಕ್ಕೆ ಕಾರಣವಿತ್ತು. ಎರಡು ವರ್ಷದ ಹಿಂದೆ ನಮ್ಮ ಮನೆಯ ಹತ್ತಿರದ ಏರಿನಲ್ಲಿ ಬೈಕಿನ ಚೈನು ಹಲ್ಲು ತಪ್ಪಿ ಗಾಡಿ ಜಗ್ಗಿ, ಶಾರದೆ ಹಿಂದಿನ ಸೀಟಿನಿಂದ ಬಿದ್ದು ಎಡಗೈಯ ಮಣಿಕಟ್ಟು ಮುರಿದುಕೊಂಡಿದ್ದಳು. ಅದಕ್ಕೆ ಮೊದಲು ಹದಿನೈದು ದಿನ "ಎಂತದೋ ಶಬ್ದ ಬರ್ತದೆ" ಎಂದು ಅವಳು ಹೇಳುತ್ತಲೇ ಇದ್ದಳು. ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ಬಿದ್ದ ಮೇಲೂ ಚೈನನ್ನು ಬಿಗಿ ಮಾಡಿಸಿದೆ ಅಷ್ಟೆ. ಅವಳು ಮತ್ತೆ ಆ ಸೀಟಿನ ಹತ್ತಿರ ಸುಳಿಯಲಿಲ್ಲ. ಖಾಲಿ ಸೀಟಿನ ಗಾಡಿ ಓಡಿಸುವುದು ನನಗೆ ಎಷ್ಟು ಬೇಸರವಾಗಿತ್ತೆಂದು ಅವಳಿಗೆ ಒಮ್ಮೆಯೂ ಹೇಳಲಿಲ್ಲ. ಈಗ ಎಲ್ಲರ ಮುಂದೆ ಬರೆಯುತ್ತಿದ್ದೇನೆ.

ಕೊನೆಗೆ ಒಂದು ಷರತ್ತಿನ ಮೇಲೆ ಹತ್ತಿದಳು. "ಶಬ್ದ ಬಂದರೆ ಹೇಳ್ತೇನೆ. ಹೇಳಿದ ಕೂಡಲೇ ನಿಲ್ಲಿಸಬೇಕು. ನಿಲ್ಲಿಸದಿದ್ದರೆ ಇಳಿದುಬಿಡ್ತೇನೆ, ಮತ್ತೆ ಯಾವತ್ತೂ ಹತ್ತುವುದಿಲ್ಲ."

ಮೂರು ದಿನ ಹತ್ತು ಸಲ ನಿಲ್ಲಿಸಿದೆ. ಹತ್ತು ಸಲವೂ ನನಗೆ ಏನೂ ಕಾಣಲಿಲ್ಲ. ಹನ್ನೊಂದನೆಯ ಸಲ, ಗಿಣಿಗೇರಾ ದಾಟಿದ ಮೇಲೆ, "ಕರಕರ ಕೇಳ್ತದೆ, ನಿಲ್ಲಿಸಿ ಮಾರಾಯ್ರೆ" ಎಂದಳು. ಕೊಪ್ಪಳ ಇನ್ನೇನು ಬಂತು, ಹಿಂದೆ ಲಾರಿಗಳ ಸಾಲು, ನನಗೆ ಹಸಿವು ಬೇರೆ. "ಗಾಳಿ ಅದು" ಎಂದೆ. ಎರಡು ನಿಮಿಷದಲ್ಲಿ ಸೇತುವೆಯ ಏರು ಸಿಕ್ಕಿತು. ಗಾಡಿ ಟಕ್ ಟಕ್ ಎಂದು ಎರಡು ಸಲ ಜಗ್ಗಿತು. ಶಾರದೆಯ ಕೈ ನನ್ನ ಹೆಗಲನ್ನು ಗಟ್ಟಿಯಾಗಿ ಹಿಡಿದದ್ದು ಈಗಲೂ ನೆನಪಿದೆ.

ಬದಿಗೆ ನಿಲ್ಲಿಸಿದೆ. ಅವಳು ಇಳಿದು ಹೆಲ್ಮೆಟ್ ತೆಗೆದು ಕನ್ನಡಿಗೆ ನೇತುಹಾಕಿದಳು. ಸಿಟ್ಟು ಇದ್ದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಇರಲಿಲ್ಲ.

"ನಾನು ಇನ್ನು ಬಸ್ಸಿನಲ್ಲಿ ಬರ್ತೇನೆ. ಊರಿಗೂ ಅಷ್ಟೆ" ಎಂದಳು. ಹಿಂದೆ ಬಂದ ಟಂಟಂ ಆಟೋಗೆ ಕೈ ಅಡ್ಡ ಹಿಡಿದಳು. ಒಳಗೆ ಆಗಲೇ ಹತ್ತು ಜನರಿದ್ದರು. ಹನ್ನೊಂದನೆಯವಳಿಗೆ ಅವರು ಹೇಗೋ ಜಾಗ ಮಾಡಿದರು.

ಭಾಗ್ಯನಗರ

ಕೊಪ್ಪಳದ ಲಾಡ್ಜಿನವರು ಮೌಲಾಸಾಬರ ಹೆಸರು ಹೇಳಿದರು. ಪಟ್ಟಣಕ್ಕೆ ಅಂಟಿಕೊಂಡಂತಿರುವ ಭಾಗ್ಯನಗರದಲ್ಲಿ ಅವರ ಅಂಗಡಿ. ಶಾರದೆಯನ್ನು ಲಾಡ್ಜಿನಲ್ಲಿ ಬಿಟ್ಟು ಗಾಡಿಯನ್ನು ನಿಧಾನವಾಗಿ ಓಡಿಸಿಕೊಂಡು ಹೋದೆ. ದಾರಿಯಲ್ಲಿ ಒಂದು ಮನೆಯ ಅಂಗಳದಲ್ಲಿ ಹೆಂಗಸರು ಕೂತು ರಾಶಿ ರಾಶಿ ಕೂದಲು ಬಿಡಿಸುತ್ತಿದ್ದರು. ಊರೂರಿನ ಬಾಚಣಿಗೆಯಲ್ಲಿ ಉಳಿದ ಕೂದಲು ಇಲ್ಲಿಗೆ ಬಂದು, ಬಿಡಿಸಿ, ಉದ್ದ ನೋಡಿ ಬೇರೆ ಮಾಡಿ, ಹೊರದೇಶಕ್ಕೆ ಹೋಗುತ್ತದಂತೆ. ನಮ್ಮಲ್ಲಿ ಉದುರಿದ ಕೂದಲನ್ನು ಸುರುಳಿ ಮಾಡಿ ತೆಂಗಿನ ಬುಡಕ್ಕೆ ಎಸೆಯುತ್ತೇವೆ. ನನ್ನ ತಲೆಯನ್ನು ನೋಡಿ ಅಲ್ಲಿ ಯಾರೂ ವ್ಯಾಪಾರಕ್ಕೆ ಬರಲಿಲ್ಲ.

ಮೌಲಾಸಾಬರಿಗೆ ಐವತ್ತೈದರ ಪ್ರಾಯ. ಬೇವಿನ ಮರದ ಕೆಳಗೆ ತಗಡಿನ ಮಾಡು, ಅದರಡಿ ಅವರೊಬ್ಬರೇ. ನಂಬರು ನೋಡಿ ಹಿಂದಿಯಲ್ಲಿ ಶುರು ಮಾಡಿದರು, ನಾನು ಕನ್ನಡದಲ್ಲಿ ಮುಂದುವರಿಸಿದೆ, ಅವರು ನನ್ನ ಕನ್ನಡವನ್ನು ಹೊಗಳಿದರು. ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಬಂದದ್ದನ್ನೂ ಹೇಳಿದೆ. ಅದೆಲ್ಲ ಮುಗಿದ ಮೇಲೆ ಗಾಡಿಯನ್ನು ಡಬಲ್ ಸ್ಟ್ಯಾಂಡಿಗೆ ಹಾಕಿ, ಹಿಂದಿನ ಹಲ್ಲಿನ ಚಕ್ರದ ಮೇಲೆ ಕೂತ ಚೈನನ್ನು ಎರಡು ಬೆರಳಲ್ಲಿ ಹಿಡಿದು ಹಿಂದಕ್ಕೆ ಎಳೆದರು. ಚೈನಿಗೂ ಹಲ್ಲಿಗೂ ನಡುವೆ ಹಗಲಿನ ಬೆಳಕು ಕಾಣಿಸಿತು.

"ಇಲ್ನೋಡ್ರಿ ಸರ. ಇವು ಹಲ್ಲಲ್ಲ, ಗಿಳಿ ಕೊಕ್ಕು ಆಗ್ಯಾವ" ಎಂದರು. ನಿಜವಾಗಿಯೂ ಪ್ರತಿ ಹಲ್ಲೂ ಒಂದೇ ಕಡೆಗೆ ಬಾಗಿ ಚೂಪಾಗಿತ್ತು. "ಎಷ್ಟು ದಿನದಿಂದ ಒದರಾಕತ್ತಿತ್ರಿ ಇದು?"

"ಇವತ್ತು ಬೆಳಿಗ್ಗೆಯಿಂದ" ಎಂದೆ.

ಅವರು ಬಾಗಿದ ಒಂದು ಹಲ್ಲನ್ನು ಉಗುರಿನಿಂದ ತಟ್ಟಿದರು. "ಗಾಡಿ ಸುಳ್ಳು ಹೇಳಂಗಿಲ್ರಿ" ಎಂದಷ್ಟೇ ಹೇಳಿದರು.

ಚೈನು ಒಂದನ್ನು ಬದಲಾಯಿಸಿದರೆ ಸಾಕಲ್ಲವೇ ಎಂದು ಕೇಳಿದೆ. "ಹೊಸಾ ಚೈನ್ ಹಳೇ ಹಲ್ಲಿನ ಮ್ಯಾಲ ಹಾಕಿದ್ರ ಎರಡು ತಿಂಗಳದಾಗ ಅದೂ ಇದರಂಗ ಆಗತೈತಿ. ಮುಂದಿನ ಹಲ್ಲು, ಹಿಂದಿನ ಹಲ್ಲು, ಚೈನು, ಮೂರೂ ಕೂಡೇ ಹೋಗಬೇಕ್ರಿ." ಆದರೆ ನನ್ನ ಗಾಡಿಗೆ ಇಪ್ಪತ್ತು ವರ್ಷ. ಅದರ ಸೆಟ್ಟು ಕೊಪ್ಪಳದಲ್ಲಿ ಸಿಗುವುದಿಲ್ಲ, ಗಂಗಾವತಿಯಲ್ಲಿ ಒಬ್ಬರ ಹತ್ತಿರ ಇರಬಹುದು ಎಂದರು. ನಾನು ಬೇರೆ ಅಳತೆಯದನ್ನು ತಂದುಬಿಡಬಾರದೆಂದು ಹಿಂದಿನ ಹಳೆಯ ಹಲ್ಲಿನ ಚಕ್ರವನ್ನು ಬಿಚ್ಚಿ, ಒರೆಸಿ, ಪೇಪರಿನಲ್ಲಿ ಸುತ್ತಿ ನನ್ನ ಕೈಗಿಟ್ಟರು.

ಗಂಗಾವತಿ, ಸಾಣಾಪುರ

ಮರುದಿನ ಗಂಗಾವತಿಗೆ ಇಬ್ಬರೂ ಬಸ್ಸಿನಲ್ಲೇ ಹೊರಟೆವು. ಇಲ್ಲಿ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲು, ಚೀಲ, ನೀರಿನ ಬಾಟಲಿ ಒಳಗೆ ಬೀಳುತ್ತವೆ, ಬಿದ್ದ ಸೀಟು ಬಿಸಾಡಿದವರದು. ಶಾರದೆ ಒಂದೇ ಸಲ ನೋಡಿ ಕಲಿತು ತನ್ನ ಕೊಡೆಯನ್ನು ಎಸೆದಳು. ಜನವರಿಯಲ್ಲಿ ಕೊಡೆ ತಂದಿದ್ದಕ್ಕೆ ನಾನು ಗೇಲಿ ಮಾಡಿದ್ದೆ.

ಕಂಡಕ್ಟರು ಹೆಂಗಸರ ಆಧಾರ್ ಕಾರ್ಡು ನೋಡಿ ಪುಕ್ಕಟೆ ಟಿಕೆಟ್ ಹರಿದು ಕೊಡುತ್ತ ಬಂದ. ಶಾರದೆಯ ಕಾರ್ಡಿನಲ್ಲಿ ಕೇರಳ. "ನಿಮಗ ಬರಂಗಿಲ್ರಿ ಅಕ್ಕಾರ" ಎಂದ. ಆ ಸೀಟಿನ ಹೆಂಗಸರೆಲ್ಲ ಅವನ ಮೇಲೆ ಬಿದ್ದರು. "ಇಷ್ಟು ಛಂದ ಕನ್ನಡ ಮಾತಾಡ್ತಾರ, ಅವರಿಗ್ಯಾಕ ಇಲ್ಲ?" ಎಂದು ಇರಕಲ್ಲಗಡದ ಒಬ್ಬಾಕೆ ವಾದಕ್ಕೇ ನಿಂತಳು. ಶಾರದೆ ನಗುತ್ತ ಟಿಕೆಟ್ ಕೊಂಡಳು.

ಆಕೆಯೇ ನನ್ನ ತೊಡೆಯ ಮೇಲಿದ್ದ ಪೇಪರಿನ ಗಂಟನ್ನು ನೋಡಿ, "ರೊಟ್ಟಿ ಕಟ್ಕೊಂಡು ಬಂದೀರೇನ್ರಿ?" ಎಂದು ಕೇಳಿದ್ದು. ಗುಂಡಗೆ, ಚಪ್ಪಟೆಯಾಗಿ, ಎಣ್ಣೆ ಕಲೆ ಬಿಟ್ಟುಕೊಂಡಿತ್ತಲ್ಲ. ನಾನು ಬಿಚ್ಚಿ ಕಬ್ಬಿಣ ತೋರಿಸಿದೆ. ಬಸ್ಸಿನ ಅರ್ಧ ಭಾಗ ನಕ್ಕಿತು. ಆಕೆ ತನ್ನ ಗಂಟು ಬಿಚ್ಚಿ, ಖಡಕ್ ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಕಿ ನಮ್ಮಿಬ್ಬರ ಕೈಗೂ ಕೊಟ್ಟಳು. ಬೇಡ ಎನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ಶಾರದೆ ಅರ್ಧ ತಿಂದಾಗಿತ್ತು.

ಗಂಗಾವತಿಯಲ್ಲಿ ಗದ್ದೆಯ ಹಸುರು ಕಂಡು ಊರಿಗೆ ಬಂದಂತಾಯಿತು. ಬಿಡಿಭಾಗಗಳ ಅಂಗಡಿಯಲ್ಲಿ ಯಜಮಾನರು ಫೋನಿನಲ್ಲಿ ತೆಲುಗು, ಆಳಿಗೆ ಉರ್ದು, ನಮಗೆ ಕನ್ನಡ ಮಾತಾಡಿದರು. ಮೊದಲು ಚಹಾ, ಆಮೇಲೆ ಒಗ್ಗರಣಿ, ಮಿರ್ಚಿ. ಒಗ್ಗರಣೆ ಎಂದರೆ ನಮ್ಮಲ್ಲಿ ಸಾರಿಗೆ ಕೊನೆಗೆ ಹಾಕುವುದು, ಇಲ್ಲಿ ಅದು ತಟ್ಟೆ ತುಂಬಾ ಮಂಡಕ್ಕಿ. ಎಲ್ಲ ತಿಂದಾದ ಮೇಲೆ ಅವರು ಹಳೆಯ ಚಕ್ರದ ಹಲ್ಲು ಎಣಿಸಿ, ಏಣಿ ಹತ್ತಿ, ಧೂಳು ಹಿಡಿದ ಒಂದು ಡಬ್ಬಿಯನ್ನು ಕೆಳಗಿಳಿಸಿದರು. ಅದೇ ಸೆಟ್ಟು.

ಸಮಯವಿತ್ತು, ಸಾಣಾಪುರದ ಕೆರೆಗೆ ಹೋದೆವು. ಸುತ್ತ ಬಂಡೆಗಳು, ನಡುವೆ ನೀರು, ನೀರಿನಲ್ಲಿ ಬುಟ್ಟಿಯಂಥ ಹರಿಗೋಲು. ನನಗೆ ಈಜು ಬರುವುದಿಲ್ಲ, ದಡದಲ್ಲೇ ಹಿಂದೆ ಮುಂದೆ ನೋಡುತ್ತಿದ್ದೆ. ಶಾರದೆ ಸೆರಗು ಸಿಕ್ಕಿಸಿ ಹೋಗಿ ಕೂತಳು. ಹುಟ್ಟು ಹಾಕುವವನು ಮಧ್ಯದಲ್ಲಿ ಹರಿಗೋಲನ್ನು ಬುಗುರಿಯಂತೆ ತಿರುಗಿಸಿದಾಗಲೂ ಅವಳು ನಗುತ್ತಿದ್ದಳು.

"ಇದಕ್ಕೆ ಚೈನಿಲ್ಲ ನೋಡಿ, ಆರಾಮ" ಎಂದಳು, ದಡಕ್ಕೆ ಬಂದು ಇಳಿಯುತ್ತ.

ಹೆದರಿಕೆ ಅವಳಿಗೆ ವೇಗದ್ದೂ ಅಲ್ಲ, ನೀರಿನದ್ದೂ ಅಲ್ಲ ಎಂದು ನನಗೆ ಹೊಳೆದದ್ದು ಅಲ್ಲಿ. ಹೇಳಿದರೆ ಕೇಳದ ಮನುಷ್ಯನ ಹಿಂದೆ ಕೂರುವುದಕ್ಕೆ ಅವಳಿಗೆ ಹೆದರಿಕೆ. ಹೊಳೆದದ್ದು ಹೊಳೆಯಿತು, ಅದರಿಂದ ನಾನೇನೂ ಕೂಡಲೇ ಒಳ್ಳೆಯವನಾಗಲಿಲ್ಲ.

ಮತ್ತೆ ಭಾಗ್ಯನಗರ

ಮೌಲಾಸಾಬರು ಕೆಲಸ ಮಾಡುವುದನ್ನು ನೋಡುತ್ತ ಕೂರುವುದು ಸುಖ. ನಟ್ಟು ತಿರುಗಿಸುವ ಪಾನಾ ಎತ್ತಿಕೊಳ್ಳಲು ಅವರು ತಿರುಗಿ ನೋಡುವುದಿಲ್ಲ, ಕೈ ಹೋದಲ್ಲಿ ಅದು ಇರುತ್ತದೆ. ಮುಂದಿನ ಹಲ್ಲಿನ ಮುಚ್ಚಳ ತೆಗೆದು, ನಮ್ಮೂರ ಕೆಂಪು ಮಣ್ಣನ್ನೂ ಇಲ್ಲಿಯ ಧೂಳನ್ನೂ ಕೆರೆದು, ಹೊಸ ಸೆಟ್ಟು ಹಾಕಿ, ಚೈನಿನ ಲಾಕ್ ಕೂರಿಸಿದರು. ಆಮೇಲೆ ಗಾಡಿಯನ್ನು ಸ್ಟ್ಯಾಂಡಿನಿಂದ ಇಳಿಸಿ, "ಎಲ್ಲಿ ಅದಾರ ಅಕ್ಕಾರು? ಕರ್ಕೊಂಡು ಬರ್ರಿ" ಎಂದರು.

"ಯಾಕೆ?"

"ಖಾಲಿ ಗಾಡ್ಯಾಗ ಚೈನು ಸಡ್ಲ ಇರತೈತ್ರಿ. ಮಂದಿ ಕುಂತ್ರ ಬಿಗಿ ಆಗತೈತಿ. ನಮ್ಮ ಕಡೆ ಒಬ್ಬಾಂವ ಹಾಲಿನ ಕ್ಯಾನ್ ಹೇರತಾನ, ಒಬ್ಬಾಂವ ಮೇವು ಹೇರತಾನ. ಯಾರು ಏನು ಹೇರತಾರ, ಅದನ್ನ ಹೇರಿಸೇ ನಾ ಚೈನ್ ಬಿಗಿ ಮಾಡೋದು. ನೀವು ಅಕ್ಕಾರನ್ನ ಕುಂದ್ರಿಸಿಕೊಂಡು ಹೋಗೋರು. ಅವರು ಕುಂತಾಗ ನೋಡಬೇಕು."

ಲಾಡ್ಜು ಹತ್ತು ನಿಮಿಷದ ದಾರಿ. ಹೋಗಿ ಕರೆದರೆ ಅವಳು ಬರುವುದಿಲ್ಲ ಎಂದೇ ನನ್ನ ಲೆಕ್ಕ. ಬಾರದಿದ್ದರೆ ಮೌಲಾಸಾಬರ ಮುಂದೆ ನನ್ನ ಮರ್ಯಾದೆ ಏನಾದೀತು ಎಂಬುದೂ ಇತ್ತು. "ಅವಳಿಗೆ ತಲೆನೋವು, ಮಲಗಿದ್ದಾಳೆ" ಎಂದುಬಿಟ್ಟೆ.

ಅವರು ಗಡ್ಡ ಕೆರೆದುಕೊಂಡರು. "ಹಂಗಾದ್ರ ತೂಕ ಹೇಳ್ರಿ. ಎಷ್ಟು ಅದಾರ?"

ಪಕ್ಕದ ಅಕ್ಕಿ ಅಂಗಡಿಯವರು, ಚಹಾ ಕುಡಿಯುತ್ತಿದ್ದ ಇಬ್ಬರು, ಪಂಕ್ಚರಿಗೆ ಬಂದ ಒಬ್ಬರು, ಎಲ್ಲರೂ ನನ್ನ ಉತ್ತರಕ್ಕೆ ಕಾದರು. ಹೆಂಡತಿಯ ತೂಕವನ್ನು ಬೀದಿಯಲ್ಲಿ ಹೇಳುವುದು ಹೇಗೆ? ಮೂವತ್ತೊಂದು ವರ್ಷ ಲೆಕ್ಕ ಕಲಿಸಿದ ಬಾಯಿಂದ "ಐವತ್ತು" ಎಂದು ಬಂತು.

ಅಕ್ಕಿ ಅಂಗಡಿಯಿಂದ ಇಪ್ಪತ್ತೈದು ಕಿಲೋದ ಎರಡು ಚೀಲ ಬಂದವು. ಒಂದರ ಮೇಲೊಂದು ಹಿಂದಿನ ಸೀಟಿಗೆ ಹಾಕಿ ಹಗ್ಗ ಬಿಗಿದರು. ಮುಂದೆ ನಾನು ಕೂತೆ. ಮೌಲಾಸಾಬರು ನೆಲಕ್ಕೆ ಕೂತು, ಚೈನನ್ನು ಬೆರಳಲ್ಲಿ ಮೇಲೆ ಕೆಳಗೆ ಆಡಿಸಿ, ಪಾನಾ ತಿರುಗಿಸಿ, ಮತ್ತೆ ಆಡಿಸಿ, "ಈಗ ಆತು ನೋಡ್ರಿ" ಎಂದರು. ಅಕ್ಕಿಯ ಜೊತೆ ಭಾಗ್ಯನಗರದಲ್ಲಿ ಒಂದು ಸುತ್ತು ಬಂದೆ. ಗಾಡಿ ಬೆಣ್ಣೆಯಂತೆ ಹೋಯಿತು, ಒಂದು ಚೂರೂ ಶಬ್ದವಿಲ್ಲ. ಗಿಣಿಗೇರಾದಿಂದ ಈಚೆಗೆ ಖಾಲಿಯಿದ್ದ ಹಿಂದಿನ ಸೀಟಿನಲ್ಲಿ ಮತ್ತೆ ಭಾರ ಇತ್ತು, ಅದು ಅಕ್ಕಿಯದ್ದು.

ಕುಷ್ಟಗಿ

"ಗಾಡಿ ಸರಿಯಾಗಿದೆ, ಬಾ" ಎಂದೆ ಬೆಳಿಗ್ಗೆ. ಶಾರದೆ ಗಾಡಿಯ ಸುತ್ತ ಒಂದು ಸುತ್ತು ಬಂದು, ಹೊಸ ಚೈನನ್ನು ನೋಡಿ, "ಚೆಂದ ಉಂಟು" ಎಂದು ಹೇಳಿ ಕುಷ್ಟಗಿಯ ಬಸ್ಸು ಹತ್ತಿದಳು.

ನಾನು ಬಸ್ಸಿನ ಹಿಂದೆಯೇ ಹೋದೆ. ಬಸ್ಸು ಪ್ರತಿ ಊರಿನ ಕ್ರಾಸಿನಲ್ಲೂ ನಿಂತಿತು, ನಾನೂ ನಿಂತೆ. ಮೂರನೆಯ ಕ್ರಾಸಿನ ಹೊತ್ತಿಗೆ ಕಿಟಕಿಗಳಲ್ಲೆಲ್ಲ ತಲೆಗಳು ಕಾಣತೊಡಗಿದವು. ಇಷ್ಟರಲ್ಲೇ ಕತೆ ಬಸ್ಸಿಗೆಲ್ಲ ತಿಳಿದಿತ್ತು. ಒಬ್ಬ ಮುದುಕಿ ತಲೆ ಹೊರಹಾಕಿ, "ಯಾಕೋ ಯಪ್ಪಾ, ಹೇಂತಿನ್ನ ಬಸ್ಸಿನ್ಯಾಗ ಕುಂದ್ರಿಸಿ ನೀ ಒಬ್ಬನಽ ಗಾಡಿ ಮ್ಯಾಲ ಹೊಂಟೀದಿ?" ಎಂದು ಕೇಳಿದಳು. ಅರವತ್ತೊಂದರ ಪ್ರಾಯದಲ್ಲಿ ನನ್ನನ್ನು ಹುಡುಗನಂತೆ ಯಪ್ಪಾ ಎಂದು ಕರೆಯುವವರು ಸಿಕ್ಕಿದ್ದು ಖುಷಿಯೇ ಆಯಿತು. ಉತ್ತರದ ಬದಲು ಹಾರ್ನ್ ಒತ್ತಿದೆ.

ಕುಷ್ಟಗಿಯ ಖಾನಾವಳಿಯಲ್ಲಿ ಊಟಕ್ಕೆ ಕೂತೆವು. ಜೋಳದ ರೊಟ್ಟಿ, ಎಣ್ಣೆಗಾಯಿ, ಮೊಸರು. ಬಡಿಸುವವರು ರೊಟ್ಟಿಯ ಲೆಕ್ಕ ಇಡುವುದಿಲ್ಲ, ಸಾಕು ಎಂದರೆ ಇನ್ನೊಂದು ಹಾಕುತ್ತಾರೆ. ಶಾರದೆ ಖುಷಿಯಲ್ಲಿದ್ದಳು. ಬಸ್ಸಿನಲ್ಲಿ ಕಲಿತ ಚಟ್ನಿಯ ವಿಧಾನ ಹೇಳುತ್ತ ಹೇಳುತ್ತ, "ಬಸ್ಸಿನಲ್ಲಿ ಒಬ್ಬರು ಹೇಳಿದರು, ಮೌಲಾಸಾಬರು ಹಿಂದೆ ಕೂರುವವರನ್ನು ಕೂರಿಸದೆ ಚೈನು ಬಿಗಿ ಮಾಡುವುದೇ ಇಲ್ಲವಂತೆ. ನಮ್ಮದಕ್ಕೆ ಹೇಗೆ ಮಾಡಿದರು?" ಎಂದು ಕೇಳಿದಳು.

ಸುಳ್ಳು ಹೇಳಬಹುದಿತ್ತು. ಆದರೆ ಅಷ್ಟು ಒಳ್ಳೆಯ ಊಟದ ಮುಂದೆ ಹೇಳಲಾಗಲಿಲ್ಲ. ಎಲ್ಲ ಒಪ್ಪಿಕೊಂಡೆ. ತಲೆನೋವು, ಅಕ್ಕಿ, ಎರಡು ಚೀಲ.

"ಐವತ್ತಾ?" ಎಂದು ಅವಳು ನಕ್ಕಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಪಕ್ಕದ ಎಲೆಯವರೂ ಕಾರಣ ಗೊತ್ತಿಲ್ಲದೆ ನಕ್ಕರು. ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡು, ದನಿ ತಗ್ಗಿಸಿ ಹೇಳಿದಳು, "ಕರೆದಿದ್ದರೆ ಬರ್ತಿದ್ದೆ."

ನಾನು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದೆ.

"ಬರುವುದಿಲ್ಲ ಅಂತ ನೀವೇ ತೀರ್ಮಾನ ಮಾಡಿದಿರಿ. ಶಬ್ದ ಗಾಳಿಯದ್ದು ಅಂತ ತೀರ್ಮಾನ ಮಾಡಿದ ಹಾಗೆ. ನನ್ನನ್ನು ಒಂದು ಮಾತು ಕೇಳಲಿಕ್ಕೆ ನಿಮಗೆ ಎಂತ ಕಷ್ಟ?"

ಅವಳು ಹೇಳಿದ್ದು ಅಷ್ಟೆ. ನನಗೆ ಬಹಳ ನಾಚಿಕೆಯಾಯಿತು. ತಪ್ಪಾಯಿತು ಎಂದೆ. ಮೂವತ್ನಾಲ್ಕು ವರ್ಷದ ಸಂಸಾರದಲ್ಲಿ ಆ ಪದವನ್ನು ನೇರವಾಗಿ ಎಷ್ಟು ಸಲ ಹೇಳಿದ್ದೇನೆ ಎಂದು ಎಣಿಸಿದರೆ ಒಂದು ಕೈಯ ಬೆರಳುಗಳೇ ಮಿಗುತ್ತವೆ. ಅವಳು ಹೂಂ ಎಂದು ಮೊಸರು ಹಾಕಿಸಿಕೊಂಡಳು. ಊಟ ಮುಗಿಸಿ ಯಲಬುರ್ಗಾದ ಬಸ್ಸು ಹತ್ತಿದಳು.

ಯಲಬುರ್ಗಾ

ಈ ಸಲ ಬಸ್ಸಿನ ಹಿಂದೆ ಹೋಗಲಿಲ್ಲ. ಮುಖ ಇರಲಿಲ್ಲ. ಬಸ್ಸು ಮುಂದೆ ಹೋಗಲಿ ಎಂದು ಒಂದು ಬದುವಿನ ಹತ್ತಿರ ಗಾಡಿ ನಿಲ್ಲಿಸಿದೆ. ಎರಡೂ ಕಡೆ ಕಪ್ಪು ನೆಲ, ಎದೆಮಟ್ಟದ ಜೋಳ, ಆಕಾಶದ ಅಂಚಿನವರೆಗೆ ಗುಡ್ಡದ ಸುಳಿವೇ ಇಲ್ಲ. ಶಾರದೆ ನೋಡಬೇಕೆಂದಿದ್ದ ಭೂಮಿ ಇದೇ, ನಾನೊಬ್ಬನೇ ನೋಡುತ್ತಿದ್ದೇನೆ ಎನಿಸಿ ಹೆಚ್ಚು ಹೊತ್ತು ನಿಲ್ಲಲಾಗಲಿಲ್ಲ.

ಯಲಬುರ್ಗಾದ ಬಸ್ ನಿಲ್ದಾಣದಲ್ಲಿ ಅವಳು ಕಾಣಲಿಲ್ಲ. ನಿಲ್ದಾಣದ ಸುತ್ತ ಒಂದು ಸಲ ಹುಡುಕಿದೆ. ನೋಡಿದರೆ ಎದುರಿನ ಸಾಲಿನಲ್ಲಿ ಒಂದು ಗ್ಯಾರೇಜು, ಅದರ ಮುಂದೆ ಸ್ಟೂಲಿನ ಮೇಲೆ ಕೂತು ಕೈ ಬೀಸುತ್ತಿದ್ದಾಳೆ. ಬಸ್ಸಿನಿಂದ ಇಳಿಯುತ್ತಲೇ ಕಂಡಕ್ಟರನ್ನು ಕೇಳಿ ಹುಡುಕಿಕೊಂಡಿದ್ದಳಂತೆ. ಮೆಕ್ಯಾನಿಕ್ ವೀರಣ್ಣ ಎಂಬವರು, ಮೌಲಾಸಾಬರ ಹತ್ತಿರವೇ ಕೆಲಸ ಕಲಿತವರು.

"ಇವರಿಗೆ ಎಲ್ಲ ಹೇಳಿದ್ದೇನೆ" ಎಂದಳು ಶಾರದೆ.

ಎಲ್ಲ ಎಂದರೆ ಎಲ್ಲವನ್ನೂ. ವೀರಣ್ಣ ಗಂಭೀರವಾಗಿ ಇರಲು ಕಷ್ಟಪಡುತ್ತಿದ್ದರು. "ಅಕ್ಕಿ ಚೀಲಕ್ಕ ಮಾಡಿಸ್ಯಾರಂತ. ಅಕ್ಕಾರು ಕುಂತ್ರ ಬಿಗಿ ಆಕ್ಕೈತ್ರಿ. ನೋಡೂಣು, ಕುಂದರ್ರಿ ಇಬ್ಬರೂ."

ನಾನು ಕೂತೆ. ಹಿಂದೆ ಅವಳ ಕೈ ನನ್ನ ಹೆಗಲಿಗೆ ಬಂತು, ಸೀಟು ಇಳಿಯಿತು.

"ಅರವತ್ತೆಂಟು ಕೆ.ಜಿ." ಎಂದು ಅವಳು ಯಾರೂ ಕೇಳದೆಯೇ, ಇಡೀ ಸಾಲಿಗೆ ಕೇಳುವಂತೆ ಹೇಳಿದಳು.

ವೀರಣ್ಣ ಕೆಳಗೆ ಕೂತು ಚೈನಿಗೆ ಬೆರಳು ಹಾಕಿದರು. "ಹೌದ್ರಿ, ಬಿಗಿ ಐತಿ. ಹಿಂಗಽ ಹೋಗಿದ್ರ ಹೊಸಾ ಹಲ್ಲು ತಿಂತಿತ್ತು." ನಟ್ಟು ಸಡಿಲಿಸಿದರು. ನಾಲ್ಕೈದು ಜನ ಸೇರಿದರು, ಸಲಹೆ ಕೊಟ್ಟರು, ಯಾವೂರು ಎಂದು ಕೇಳಿದರು. ಹೆಗಲ ಮೇಲಿನ ಕೈಯನ್ನು ಇನ್ನೂ ಒಂದು ನಿಮಿಷ ಉಳಿಸಿಕೊಳ್ಳುವುದಷ್ಟೇ ನನಗೆ ಬೇಕಾಗಿತ್ತು. ಕೆಲಸ ಮುಗಿದರೆ ಅವಳು ಇಳಿಯುತ್ತಾಳೆ. ಕೊಪ್ಪಳಕ್ಕೆ ಹೋಗುವ ಬಸ್ಸು ಎದುರಿಗೇ ನಿಂತಿತ್ತು.

ವೀರಣ್ಣ ಚೈನನ್ನು ಕೊನೆಯ ಸಲ ಆಡಿಸಿ, ಪಾನಾ ಒರೆಸಿಟ್ಟು ಎದ್ದರು. "ಆತ್ರಿ. ಇಳೀರಿ ಇಬ್ಬರೂ."

ನಾನು ಅಷ್ಟು ಸುಲಭವಾಗಿ ಇಳಿಯುವ ಮನಸ್ಸಿನಲ್ಲಿರಲಿಲ್ಲ, ಆದರೂ ಒಂದು ಕಾಲನ್ನು ಮುಂದಿನಿಂದ ಹಾಯಿಸಿ ಇಳಿದೆ. ವೀರಣ್ಣ ಹ್ಯಾಂಡಲ್ ಹಿಡಿದುಕೊಂಡರು. ತಿರುಗಿ ಶಾರದೆಗೆ ಕೈ ಚಾಚಿದೆ.

ಅವಳು ಕೈ ಹಿಡಿಯಲಿಲ್ಲ. ಚೀಲವನ್ನು ತೊಡೆಯ ಮೇಲೆ ಸರಿ ಮಾಡಿಕೊಂಡು, ಸೆರಗು ಸಿಕ್ಕಿಸಿ, ಹೆಲ್ಮೆಟ್ ಹಾಕಿಕೊಳ್ಳುತ್ತಿದ್ದಳು.

"ಇಳಿಯುವುದಿಲ್ಲವಾ?" ಎಂದು ಕೇಳಿದೆ. ಕೊನೆಗೂ ಕೇಳಿದೆ.

"ಇಲ್ಲ. ಜೋಳದ ಹೊಲ ನೋಡಲಿಕ್ಕುಂಟು. ನೀವು ಹತ್ತಿ."

ಹಿಂದೆ ಕೂತವರು ಇಳಿಯದಿದ್ದರೆ ಮುಂದಿನವನು ಹತ್ತುವುದು ಸುಲಭವಲ್ಲ. ಪಂಚೆಯನ್ನು ಮೊಣಕಾಲಿನ ಮೇಲಕ್ಕೆ ಕಟ್ಟಿ, ವೀರಣ್ಣನ ಭುಜ ಹಿಡಿದು, ಯಲಬುರ್ಗಾದ ಅಷ್ಟೂ ಜನ ನೋಡುತ್ತಿರುವಾಗ, ಟ್ಯಾಂಕಿನ ಮೇಲಿಂದ ಕಾಲು ಎತ್ತಿ ಹಾಯಿಸಿ ನನ್ನ ಜಾಗದಲ್ಲಿ ಕೂತೆ.